ಮಗಳ ಗಿನಿ ಪಿಗ್‌ಗಳಿಗೆ ನಾನು ಹೂಂ ಅಂದ ಬಗೆ

ಮಗಳು ಮೊದಲು ಕೇಳಿದ್ದು ಹ್ಯಾಮ್‌ಸ್ಟರ್, ಇಲಿಯಂಥ ಪುಟ್ಟ ಪ್ರಾಣಿ. ಬೇಡ ಅಂದೆ. ಸ್ವಲ್ಪ ದಿನ ಸುಮ್ಮನಿದ್ದು ಮೊಲ ಅಂದಳು, ಅದಕ್ಕೂ ಬೇಡ ಅಂದೆ. ಆಮೇಲೆ ಬಿಳಿ ಇಲಿ, ಆಮೇಲೆ ಲವ್ ಬರ್ಡ್ಸ್, ಕೊನೆಗೆ ಗಿನಿ ಪಿಗ್. ಹೆಸರಲ್ಲಿ ಪಿಗ್ ಇದ್ದರೂ ಅದು ಹಂದಿಯಲ್ಲ, ಇಲಿ ಅಳಿಲುಗಳ ಗುಂಪಿನ ಪುಟ್ಟ ಪ್ರಾಣಿ. ಮೊದಲ ‘ಬೇಡ’ದಿಂದ ಕೊನೆಯ ‘ಹೂಂ’ ತನಕ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುವೆ ನಮ್ಮ ಮನೆಯಲ್ಲಿ ಏನೇನಾಯಿತು, ನನ್ನ ಮನಸ್ಸು ಯಾವಾಗ ತಿರುಗಿತು ಅನ್ನುವುದನ್ನು ಬರೆಯಬೇಕು ಅನ್ನಿಸಿದೆ. ಇದೇ ಮಾತುಕತೆ ಈಗ ನಡೆಯುತ್ತಿರುವ ಮನೆಗಳು ಎಷ್ಟೋ ಇರುತ್ತವೆ.

ನಾನು ಪ್ರಾಣಿಗಳನ್ನು ಕಂಡರಾಗದವಳಲ್ಲ. ಬೇಡ ಅನ್ನಲು ಕಾರಣಗಳಿದ್ದವು, ಅವು ಸರಿಯಾದ ಕಾರಣಗಳೇ ಅಂತ ಈಗಲೂ ಅಂದುಕೊಂಡಿದ್ದೇನೆ. ನಮ್ಮ ಮನೆಯವರಿಗೆ ಧೂಳಿನ ಅಲರ್ಜಿ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಆಗಾಗ ಮನೆಗೆ ಬೀಗ ಹಾಕಿ ನಾಲ್ಕು ದಿನ ಹೊರಗೆ ಹೋಗುವ ಸಂದರ್ಭ ಬರುತ್ತದೆ. ವಾಸನೆ, ಕಸ, ಖರ್ಚು ಇದ್ದದ್ದೇ. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಪಂಜರ. ಓಡಾಡಿಕೊಂಡಿರಬೇಕಾದ ಜೀವವನ್ನು ತಂದು, ನಾಲ್ಕು ಕಡೆ ತಂತಿ ಕಟ್ಟಿ, ಮಗುವಿನ ಖುಷಿಗೋಸ್ಕರ ಅದರಲ್ಲಿಡುವುದು ನನ್ನ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಪರಿಚಯದವರ ಮನೆಗಳಲ್ಲಿ ಶೂ ಡಬ್ಬಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಯಲ್ಲಿ ಒಂದೇ ಒಂದು ಪ್ರಾಣಿ ಮೂಲೆ ಹಿಡಿದು ಕೂತಿದ್ದನ್ನು ನೋಡಿದ್ದೆ. ಮೊದಲ ತಿಂಗಳು ಮನೆಮಂದಿಯೆಲ್ಲ ಅದರ ಸುತ್ತ. ಆಮೇಲೆ ಅದರ ಪಾಡಿಗೆ ಅದು.

“ನಾನೇ ಎಲ್ಲ ನೋಡ್ಕೋತೀನಮ್ಮ, ನೀನು ಏನೂ ಮಾಡೋದೇ ಬೇಡ” ಅಂತ ಮಗಳು ಅನ್ನುತ್ತಿದ್ದಳು. ಅದನ್ನು ಅವಳು ಮನಸಾರೆ ಹೇಳುತ್ತಿದ್ದಳು, ಅನುಮಾನವಿಲ್ಲ. ಆದರೆ ಗಿನಿ ಪಿಗ್ ಸಾಮಾನ್ಯವಾಗಿ ಐದರಿಂದ ಎಂಟು ವರ್ಷ ಬದುಕುತ್ತದೆ. ಹತ್ತು ವರ್ಷದ ಹುಡುಗಿ ತನ್ನ ಹದಿನಾರನೇ ವಯಸ್ಸಿನ ಪರವಾಗಿ ಹೇಗೆ ಮಾತು ಕೊಡುತ್ತಾಳೆ? ಅಷ್ಟು ಹೊತ್ತಿಗೆ ಓದು, ಗೆಳತಿಯರು, ಬೇರೆ ಆಸೆಗಳು ಬಂದಿರುತ್ತವೆ, ಬರಲೂಬೇಕು. ಅವಳ ಮಾತನ್ನೇ ನಂಬಿ ಪ್ರಾಣಿ ತಂದು, ಆಮೇಲೆ ಅವಳು ಮಾಡಲಿಲ್ಲ ಅಂತ ಬೈಯುವುದು ಅವಳಿಗೂ ಅನ್ಯಾಯ, ಆ ಪ್ರಾಣಿಗೂ ಅನ್ಯಾಯ.

ಇವರು ಮಾತ್ರ ಬೇಗ ಕರಗಿದರು. “ಅಷ್ಟೊಂದು ಆಸೆ ಪಡ್ತಿದೆ ಮಗು, ತಂದ್ಬಿಡೋಣ ಬಿಡೇ” ಅಂದರು. “ನಿಮಗೇ ಅಲರ್ಜಿ ಇದೆಯಲ್ರೀ” ಅಂದೆ. ಆ ದಿನ ಮಾತು ಅಲ್ಲಿಗೆ ನಿಂತಿತು.

ಸುಮ್ಮನೆ ಬೇಡ ಅನ್ನುತ್ತಾ ಹೋದರೆ ಮಗಳಿಗೆ ನಾನೊಂದು ಗೋಡೆಯಾಗಿ ಮಾತ್ರ ಕಾಣುತ್ತೇನೆ ಅನ್ನಿಸಿತು. ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಹೇಳಿದೆ. “ಪುಟ್ಟೀ, ನನಗೆ ಏನೇನು ಭಯ ಇದೆ ಅಂತ ಹೇಳ್ತೀನಿ, ಒಂದು ಪುಸ್ತಕದಲ್ಲಿ ಬರ್ಕೋ. ಒಂದೊಂದಕ್ಕೂ ಉತ್ತರ ಹುಡುಕು. ಉತ್ತರ ನಿನಗೆ ಇಷ್ಟ ಆಗದೆ ಇದ್ರೂ ಅದನ್ನ ಬರೀಬೇಕು.” ಕೊನೆಯ ಮಾತನ್ನು ಒತ್ತಿ ಹೇಳಿದ್ದೆ. ತರುವುದಾಗಿ ಮಾತು ಕೊಡಲಿಲ್ಲ. ಓದಿ ನೋಡಿ ಯೋಚಿಸುತ್ತೇನೆ ಅಂತ ಮಾತ್ರ ಅಂದೆ.

ಅವಳು ಬರೆದಳು. ಹ್ಯಾಮ್‌ಸ್ಟರ್ ಅನ್ನು ಅವಳೇ ಪಟ್ಟಿಯಿಂದ ತೆಗೆದುಹಾಕಿದಳು. ಅದು ರಾತ್ರಿ ಎಚ್ಚರವಿರುವ ಪ್ರಾಣಿ. ಮಗು ಶಾಲೆಯಿಂದ ಬಂದು ಎದುರು ನೋಡುವ ಹೊತ್ತಿಗೆ ಅದು ನಿದ್ದೆಯಲ್ಲಿರುತ್ತದೆ, ಎಬ್ಬಿಸಿದರೆ ಬೆದರಿ ಕಚ್ಚುತ್ತದೆ. ಸಿರಿಯನ್ ಹ್ಯಾಮ್‌ಸ್ಟರ್ ಬೆಳೆದ ಮೇಲೆ ಒಂಟಿಯಾಗಿಯೇ ಇರಬೇಕು, ಜೊತೆ ಬಿಟ್ಟರೆ ಕಾದಾಡುತ್ತವೆ. ಇದನ್ನು ಹುಡುಕುವಾಗ ಅವಳಿಗೊಂದು ವಿಷಯ ಸಿಕ್ಕಿತ್ತು: ಜಗತ್ತಿನಾದ್ಯಂತ ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ನೆಲ ಅಗೆದು ಹಿಡಿದ ಒಂದೇ ತಾಯಿಯ ಮರಿಗಳ ಸಂತತಿಯಂತೆ. ಅದನ್ನು ಓದಿ ಹೇಳುವಾಗ ಅವಳ ಮುಖ ಚಿಕ್ಕದಾಗಿತ್ತು. “ಆ ಅಮ್ಮನ್ನ ಯಾಕಮ್ಮ ಅಗೆದು ತೆಗೆದ್ರು?” ಅಂದಳು. ಬೇಕು ಬೇಕು ಅನ್ನುತ್ತಿದ್ದ ಹುಡುಗಿ ಪ್ರಾಣಿಯ ಕಡೆ ನಿಂತು ಕೇಳಿದ ಮೊದಲ ಪ್ರಶ್ನೆ ಅದು.

ಮೊಲವೂ ಹೋಯಿತು. ಎಂಟರಿಂದ ಹನ್ನೆರಡು ವರ್ಷದ ಆಯಸ್ಸು, ಓಡಲು ತುಂಬ ಜಾಗ ಬೇಕು. ಹೆಣ್ಣಾದರೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚಾದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು. ಎತ್ತಿಕೊಂಡರೆ ಬಹಳಷ್ಟು ಮೊಲಗಳು ಹೆದರುತ್ತವೆ, ಹಿಂಗಾಲಿನಿಂದ ಒದ್ದಾಡುವಾಗ ತಮ್ಮ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಇಲಿಗಳು ಬುದ್ಧಿವಂತ ಜೀವಿಗಳು, ಮನುಷ್ಯರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆದರೆ ಎರಡು ಮೂರು ವರ್ಷಕ್ಕೇ ಹೋಗಿಬಿಡುತ್ತವೆ. ಹಕ್ಕಿಯ ವಿಷಯಕ್ಕೆ ನಾನು ಜಗ್ಗಲೇ ಇಲ್ಲ. ಹಾರುವುದನ್ನು ಹಾರಲು ಬಿಡದೆ ಇಡುವುದನ್ನು ನಾನು ನೋಡಿಕೊಂಡಿರಲಾರೆ.

ಉಳಿದದ್ದು ಗಿನಿ ಪಿಗ್. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಇವನ್ನು ಸಾವಿರಾರು ವರ್ಷಗಳ ಹಿಂದೆಯೇ ಸಾಕಲು ಶುರುಮಾಡಿದ್ದರು. ಮನುಷ್ಯರ ಜೊತೆ ಬಾಳಿ ಬಂದ ವಂಶ. ಹಗಲಲ್ಲೂ ಎದ್ದಿರುತ್ತವೆ, ಕಚ್ಚುವುದು ಅಪರೂಪ, ನೆಲದ ಮೇಲೆಯೇ ಓಡಾಡುತ್ತವೆ. ನನ್ನ ಪಂಜರದ ಸಂಕಟಕ್ಕೆ ಇದೊಂದು ಉತ್ತರವೇ, ಆದರೆ ಪೂರ್ತಿ ಉತ್ತರವಲ್ಲ. ಮಗಳ ಪುಸ್ತಕದಲ್ಲಿ ಅವಳಿಗೆ ಇಷ್ಟವಾಗದ ಉತ್ತರಗಳೂ ಇದ್ದವು, ಅವನ್ನು ಅವಳು ಮುಚ್ಚಿಡಲಿಲ್ಲ. ಒಂದನ್ನೇ ಸಾಕುವಂತಿಲ್ಲ, ಎರಡಾದರೂ ಬೇಕು. ಗುಂಪಿನಲ್ಲಿ ಬದುಕುವ ಇವು ಒಂಟಿಯಾದರೆ ಸೊರಗುತ್ತವೆ. ಸ್ವಿಟ್ಜರ್ಲೆಂಡ್‌ನಲ್ಲಂತೂ 2008ರಿಂದ ಗಿನಿ ಪಿಗ್ ಅನ್ನು ಒಂಟಿಯಾಗಿ ಇಡುವುದಕ್ಕೆ ಕಾನೂನೇ ಬಿಡುವುದಿಲ್ಲ. ಅಂದರೆ ನಾನು ಒಂದಕ್ಕೇ ಒಪ್ಪದಿರುವಾಗ ಅವಳು ಎರಡನ್ನು ಕೇಳಬೇಕಾಯಿತು. ಕೇಳಿದಳು.

ಒಂದು ಭಾನುವಾರ ನಾನು ಒಳಗಿದ್ದಾಗ ಅವಳು ಹಾಲ್‌ನಲ್ಲಿ ಹಳೆಯ ಪೇಪರುಗಳನ್ನು ಹರಡಿ ಟೇಪು ಹಚ್ಚುತ್ತಿದ್ದಳು. ಐದಡಿ ಉದ್ದ, ಎರಡಡಿ ಅಗಲ. ಎರಡು ಗಿನಿ ಪಿಗ್‌ಗಳಿಗೆ ಕಡಿಮೆಯೆಂದರೆ 7.5 ಚದರ ಅಡಿ ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಎಲ್ಲ ಕಡೆ ಓದಿದ್ದಳು. ಪಂಜರ ಅಂತ ಮಾರುವ ಎಷ್ಟೋ ಪೆಟ್ಟಿಗೆಗಳು ಇದಕ್ಕಿಂತ ಚಿಕ್ಕವು. “ಇಷ್ಟು ಜಾಗ ಹೋಗತ್ತಮ್ಮ. ಒಂದು ವಾರ ಹೀಗೇ ಬಿಟ್ಟು ನೋಡೋಣ, ನಿನಗೆ ಓಡಾಡೋಕೆ ತೊಂದ್ರೆ ಆಗತ್ತಾ ಅಂತ” ಅಂದಳು. ಆ ವಾರವೆಲ್ಲ ನಾವು ಮೂವರೂ ಆ ಪೇಪರನ್ನು ಸುತ್ತಿ ಓಡಾಡಿದೆವು. ಕುರ್ಚಿಯೊಂದನ್ನು ಕೋಣೆಗೆ ಸಾಗಿಸಿದೆವು. ಕಿಟಕಿಯಿಂದ ಬಿಸಿಲು ಯಾವ ಹೊತ್ತಿಗೆ ಎಲ್ಲಿಯ ತನಕ ಬರುತ್ತದೆ ಅಂತ ನೋಡಿ ಪೇಪರನ್ನು ಇನ್ನೊಂದು ಗೋಡೆಗೆ ಸರಿಸಿದಳು. ಈ ಪ್ರಾಣಿಗಳಿಗೆ ಬೆವರು ಬರುವುದಿಲ್ಲ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಾಯಾಗಿರುತ್ತವೆ, 30ರ ಹತ್ತಿರ ಹೋದರೆ ಸೆಕೆಗೇ ಜೀವ ಹೋಗಬಹುದು. ಈ ಲೆಕ್ಕವನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಲರ್ಜಿಯ ಪರೀಕ್ಷೆ ಇವರದ್ದು. ಗಿನಿ ಪಿಗ್ ಇರುವ ಮನೆಯಲ್ಲಿ ಪ್ರಾಣಿಯಷ್ಟೇ ಅಲ್ಲ, ಒಣಹುಲ್ಲಿನ ಧೂಳೂ ಕಾಡಬಹುದು. ಅವುಗಳ ಊಟದ ಮುಕ್ಕಾಲು ಪಾಲಿಗಿಂತ ಹೆಚ್ಚು ಒಣಹುಲ್ಲೇ. ಹುಲ್ಲಿಲ್ಲದೆ ಗಿನಿ ಪಿಗ್ ಇಲ್ಲ. ಒಂದು ಚೀಲ ಹುಲ್ಲನ್ನು ಮೊದಲೇ ತಂದು ಹಾಲ್‌ನಲ್ಲಿಟ್ಟು, ದಿನಾ ಒಂದಿಷ್ಟು ಕೊಡವಿ, ಇವರಿಗೆ ಹೇಗಾಗುತ್ತದೆ ನೋಡಿದೆವು. ಕೊಡವುವಾಗ ಪಕ್ಕದಲ್ಲಿದ್ದರೆ ಸೀನು ಬಂತು. ಬೇರೆ ಹೊತ್ತಿನಲ್ಲಿ ಏನೂ ಆಗಲಿಲ್ಲ. ಆಮೇಲೆ ಇವರು ತಮ್ಮ ವೈದ್ಯರನ್ನೂ ಕೇಳಿಕೊಂಡು ಬಂದರು. ಹುಲ್ಲು ಮುಟ್ಟುವ ಕೆಲಸ ಇವರಿಗೆ ಬೇಡ, ಅದನ್ನು ಬಾಲ್ಕನಿಯಲ್ಲಿ ಕೊಡವಿಯೇ ಒಳಗೆ ತರುವುದು ಅಂತ ತೀರ್ಮಾನವಾಯಿತು.

ಇಷ್ಟಾದರೂ ನಾನು ಒಪ್ಪಿರಲಿಲ್ಲ. ನನ್ನ ಪಟ್ಟಿಯಲ್ಲಿ ಇನ್ನೂ ಒಂದಿತ್ತು: ಹುಷಾರು ತಪ್ಪಿದರೆ ಯಾರು ನೋಡುತ್ತಾರೆ? ಪ್ರಾಣಿ ತಂದಮೇಲೆ ಹುಡುಕುವ ವಿಷಯ ಇದಲ್ಲ. ನಾಯಿ ಬೆಕ್ಕು ನೋಡುವ ವೈದ್ಯರೆಲ್ಲರಿಗೂ ಗಿನಿ ಪಿಗ್‌ಗಳ ಅಭ್ಯಾಸ ಇರುವುದಿಲ್ಲ, ಮತ್ತು ಇವುಗಳ ವಿಷಯದಲ್ಲಿ ತಪ್ಪು ಔಷಧ ಜೀವಕ್ಕೇ ಎರವಾಗುತ್ತದೆ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್, ಅದೇ ಪೆನಿಸಿಲಿನ್ ಗುಂಪಿನ ಬೇರೆ ಔಷಧಗಳು ನಮಗೆ ಮಾಮೂಲಿ. ಗಿನಿ ಪಿಗ್‌ಗೆ ಕೊಟ್ಟರೆ ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಗುಳುವ ಬೇರೆ ಬ್ಯಾಕ್ಟೀರಿಯಾ ಬೆಳೆದು, ಕೆಲವೇ ದಿನದಲ್ಲಿ ಪ್ರಾಣಿ ಸಾಯಬಹುದು. ಕೆಲವು ಕಡೆ ವಿಚಾರಿಸಿದೆ. “ತನ್ನಿ, ನೋಡೋಣ” ಅಂದವರನ್ನು ಬಿಟ್ಟೆ. ಒಬ್ಬ ವೈದ್ಯೆ ಮಾತ್ರ ನಾನು ಕೇಳುವ ಮೊದಲೇ ಈ ಔಷಧಗಳ ವಿಷಯ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ, ಗಿನಿ ಪಿಗ್ ಅರ್ಧ ದಿನ ಏನೂ ತಿನ್ನದಿದ್ದರೆ ಬೆಳಗಾಗಲಿ ಅಂತ ಕಾಯದೆ ಬನ್ನಿ ಅಂದರು. ಅವುಗಳ ಕರುಳು ಸದಾ ಕೆಲಸ ಮಾಡುತ್ತಿರಬೇಕು, ನಿಂತರೆ ಮತ್ತೆ ಚಾಲೂ ಮಾಡುವುದು ಕಷ್ಟ. ಮಗಳು ಅವರೆದುರು ತನ್ನ ಪುಸ್ತಕ ತೆಗೆದು ಬರೆದುಕೊಂಡಳು. ಅವರು ಅವಳನ್ನೇ ನೋಡಿ ಮಾತಾಡಿದರು. ಹೊರಗೆ ಬಂದಮೇಲೂ ಅವಳು ತುಂಬ ಹೊತ್ತು ಗಂಭೀರವಾಗಿದ್ದಳು.

ಅದೇ ಸಮಯಕ್ಕೆ ಅವಳ ಗೆಳತಿಯ ಮನೆಯವರು ರಜೆಗೆ ಹೊರಟಿದ್ದರು. ಅವರ ಮನೆಯಲ್ಲಿ ಎರಡು ಗಿನಿ ಪಿಗ್ ಇದ್ದವು, ನೋಡಿಕೊಳ್ಳಲು ಯಾರೂ ಸಿಕ್ಕಿರಲಿಲ್ಲ. ನಾನೇ ಫೋನ್ ಮಾಡಿ, ನಾವು ಇಟ್ಟುಕೊಳ್ಳುತ್ತೇವೆ ಅಂದೆ. ಮನೆಯವರಿಗೂ ಮಗಳಿಗೂ ಆಶ್ಚರ್ಯವಾಯಿತು. ನನಗೆ ಬೇಕಾಗಿದ್ದು ಓದಿ ತಿಳಿಯದ ಸಂಗತಿ. ವಾಸನೆ ಎಷ್ಟು, ಕೆಲಸ ಎಷ್ಟು, ಸದ್ದು ಎಷ್ಟು, ಮಗಳಿಗೆ ಬೇಸರ ಬರಲು ಎಷ್ಟು ದಿನ ಬೇಕು.

ಕೆಲಸ ಇತ್ತು, ಓದಿದ್ದಕ್ಕಿಂತ ಹೆಚ್ಚೇ ಇತ್ತು. ಒಂದೊಂದೂ ದಿನಕ್ಕೆ ನೂರರ ಆಸುಪಾಸು ಹಿಕ್ಕೆ ಹಾಕುತ್ತದೆ. ಬೆಳಿಗ್ಗೆ, ಸಂಜೆ ಗುಡಿಸಲೇಬೇಕು. ಉಚ್ಚೆಯಾದ ಬಟ್ಟೆಯನ್ನು ಎರಡು ಮೂರು ದಿನಕ್ಕೆ ಬದಲಾಯಿಸದಿದ್ದರೆ ವಾಸನೆ ಬರುತ್ತದೆ, ಬದಲಾಯಿಸಿದರೆ ಇಲ್ಲ. ತರಕಾರಿ ಹೆಚ್ಚುವ ಸದ್ದಿಗೆ ಎರಡೂ ಕಂಬಿ ಹಿಡಿದು ನಿಂತು ‘ವೀಕ್ ವೀಕ್’ ಅಂತ ಕೂಗುವುದು ಪಕ್ಕದ ಕೋಣೆಯ ತನಕ ಕೇಳುತ್ತದೆ. ಹುಲ್ಲು ಮನೆಯ ತುಂಬ, ಕಾಲುಚೀಲಕ್ಕೂ ಹತ್ತಿಕೊಂಡಿರುತ್ತದೆ. ಗುಡಿಸುವ ಕೆಲಸವನ್ನು ಮಗಳು ಬಹಳಷ್ಟು ದಿನ ಮಾಡಿದಳು, ಕೆಲವು ದಿನ ಮರೆತಳು. ಮರೆತ ದಿನ ನಾನು ಮಾಡಿದೆ. ಇದು ನನಗೆ ಬೇಕಿದ್ದ ಲೆಕ್ಕವೇ.

ನನ್ನ ಮನಸ್ಸು ತಿರುಗಿದ್ದು ಮಾತ್ರ ಈ ಯಾವ ಲೆಕ್ಕದಿಂದಲೂ ಅಲ್ಲ. ಆ ಎರಡರಲ್ಲಿ ಒಂದು ಪುಕ್ಕಲು. ಕೈ ಕಂಡರೆ ಮರದ ಗೂಡಿನೊಳಗೆ ಓಡಿಬಿಡುತ್ತಿತ್ತು. ಮಗಳಿಗೆ ಅದನ್ನು ಎತ್ತಿಕೊಳ್ಳುವ ಆಸೆ. ಅವಳ ಗೆಳತಿ ಹೇಗೆ ಮೂಲೆಗೆ ಒತ್ತಿ ಹಿಡಿಯುತ್ತಾಳೆ ಅನ್ನುವುದನ್ನೂ ನೋಡಿದ್ದಳು. ಒಂದು ಮಧ್ಯಾಹ್ನ ನಾನು ಬಾಗಿಲ ಬಳಿ ನಿಂತಿದ್ದೆ, ಅವಳು ನೋಡಿರಲಿಲ್ಲ. ಗೂಡಿನ ಬಾಯಿಯ ತನಕ ಕೈ ಚಾಚಿದಳು. ಅದು ಹಿಂದಕ್ಕೆ ಸರಿದು ಹಲ್ಲು ಕಟಕಟ ಅನ್ನಿಸಿತು. ಬೇಡ, ಹತ್ತಿರ ಬರಬೇಡ ಅನ್ನಲು ಅವು ಹಾಗೆ ಮಾಡುತ್ತವೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅಲ್ಲೇ ನೆಲಕ್ಕೆ ಒರಗಿ, ಗೂಡಿಗೆ ಬೆನ್ನು ಹಾಕಿ, ತನ್ನ ಕಥೆಪುಸ್ತಕ ತೆಗೆದು ಓದತೊಡಗಿದಳು. ಮಾರನೆಯ ದಿನವೂ ಹಾಗೆಯೇ ಕೂತಳು. ಅದು ಆ ರಜೆಯಲ್ಲಿ ಒಮ್ಮೆಯೂ ಅವಳ ಕೈಗೆ ಬರಲಿಲ್ಲ. ಅವಳು ಅದಕ್ಕೆ ಮುನಿಸಿಕೊಳ್ಳಲೂ ಇಲ್ಲ.

ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಬರುವುದು ಸುಲಭ. ತಾನು ಪ್ರೀತಿಸಿದ ಜೀವ ತನ್ನನ್ನು ಬೇಡ ಅಂದಾಗ ಅದಕ್ಕೆ ಬಿಟ್ಟುಕೊಡುವುದು ಕಷ್ಟ, ದೊಡ್ಡವರಿಗೂ ಕಷ್ಟ. ಪುಟ್ಟ ಪ್ರಾಣಿಗಳು ಮಕ್ಕಳ ಕೈಯಲ್ಲಿ ನರಳುವುದು ಹೆಚ್ಚಾಗಿ ಪ್ರೀತಿಯಿಂದಲೇ. ಅಮುಕಿ ಹಿಡಿದು, ಎತ್ತರದಿಂದ ಜಾರಿ ಬಿದ್ದು, ನಿದ್ದೆಯಿಂದ ಎಬ್ಬಿಸಿಕೊಂಡು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಬರುವ ಮಗುವಿನ ಜೊತೆ ಒಂದು ಪ್ರಾಣಿ ಬದುಕಬಲ್ಲದು ಅನ್ನಿಸಿತು. ಆ ರಾತ್ರಿ ಇವರಿಗೆ ಹೇಳಿದೆ, “ತರೋಣ ರೀ.”

ಮಗಳಿಗೆ ಹೇಳುವ ಮೊದಲು ನಾವಿಬ್ಬರೂ ಕೂತು ನಮ್ಮ ನಡುವಿನ ಮಾತು ಮುಗಿಸಿದೆವು. ಪ್ರಾಣಿಗಳ ಜವಾಬ್ದಾರಿ ದೊಡ್ಡವರದು. ಮಗಳಿಗೆ ಅದರಲ್ಲಿ ಪಾಲಿನ ಕೆಲಸ ಇರುತ್ತದೆ, ಮಾಡದಿದ್ದರೆ ನೆನಪಿಸುತ್ತೇವೆ, ಬೈಯಲೂಬಹುದು. ಆದರೆ “ಹೀಗೇ ಮಾಡ್ತಿದ್ರೆ ಕೊಟ್ಟುಬಿಡ್ತೀನಿ” ಅನ್ನುವ ಮಾತು ಈ ಮನೆಯಲ್ಲಿ ಬರಕೂಡದು. ಮಗುವನ್ನು ಬಗ್ಗಿಸಲು ಒಂದು ಜೀವವನ್ನು ಒತ್ತೆ ಇಟ್ಟುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನನ್ನ ಮಟ್ಟಿಗೆ ಉಳಿದೆಲ್ಲ ನಿಯಮಗಳಿಗಿಂತ ಇದು ಮುಖ್ಯ. ನಾವು ಹೊರಗೆ ಹೋದಾಗ ನೋಡಿಕೊಳ್ಳಲು ಆ ಗೆಳತಿಯ ಮನೆಯವರು ಒಪ್ಪಿದರು, ಅವರ ಸರದಿಗೆ ನಾವು. ಆಸ್ಪತ್ರೆಯ ಖರ್ಚಿಗೆ ತಿಂಗಳಿಗಿಷ್ಟು ಅಂತ ಬೇರೆ ತೆಗೆದಿಡಲು ಶುರುಮಾಡಿದೆವು. ಮಗಳನ್ನು ಕರೆದು ಎಲ್ಲ ಹೇಳಿದಾಗ ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಹತ್ತಿರ ಬಂದು, “ನಿನಗೆ ನಿಜವಾಗ್ಲೂ ಪರವಾಗಿಲ್ವಾ ಅಮ್ಮ?” ಅಂತ ಕೇಳಿದಳು. ಪರವಾಗಿಲ್ಲ ಅಂದೆ.

ಅಂಗಡಿಗೆ ಹೋಗಲಿಲ್ಲ. ಎರಡೂ ಹೆಣ್ಣು ಅಂತ ನಂಬಿ ತಂದುಕೊಂಡು, ಒಂದು ಗಂಡಾಗಿ, ಮರಿಗಳಾಗಿ ಕಂಗಾಲಾಗಿದ್ದ ಮನೆಯೊಂದು ವೈದ್ಯೆಯ ಮೂಲಕ ಪರಿಚಯವಾಯಿತು. ಚಿಕ್ಕ ಗಿನಿ ಪಿಗ್‌ಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಅಭ್ಯಾಸವಿಲ್ಲದವರಿಗೆ ಕಷ್ಟ, ಈ ತಪ್ಪು ಮೇಲಿಂದ ಮೇಲೆ ಆಗುತ್ತದೆ. ಗಂಡು ಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದ ಬೇರೆ ಮಾಡಬೇಕು, ಇಲ್ಲದಿದ್ದರೆ ತಾಯಿ, ತಂಗಿಯರೇ ಬಸುರಾಗುತ್ತಾರೆ. ಹೆಣ್ಣು ಆರೇಳು ತಿಂಗಳು ದಾಟಿದ ಮೇಲೆ ಮೊದಲ ಸಲ ಗರ್ಭ ಧರಿಸಿದರೆ ಸೊಂಟದ ಮೂಳೆ ಕೂಡಿಕೊಂಡುಬಿಟ್ಟಿರುವುದರಿಂದ ಹೆರಿಗೆಯಲ್ಲೇ ಸಾಯಬಹುದು. ಇದನ್ನೆಲ್ಲ ತಿಳಿದ ಮೇಲೆ ನಾವು ಇಬ್ಬರು ಅಕ್ಕತಂಗಿಯರನ್ನೇ ಆರಿಸಿಕೊಂಡೆವು, ಹೆಣ್ಣೇ ಅಂತ ವೈದ್ಯೆಯಿಂದ ಖಾತ್ರಿ ಮಾಡಿಸಿಕೊಂಡೆವು. ಒಂದರ ಹಣೆಯ ಮೇಲೆ ಬಿಳಿ ಮಚ್ಚೆ, ಅದು ಚುಕ್ಕಿ. ಇನ್ನೊಂದು ಪೂರ್ತಿ ಕಪ್ಪು, ಮಸಿ.

ಮೊದಲ ದಿನಗಳು ಮಗುವಿಗೆ ನಿರಾಸೆಯ ದಿನಗಳೇ. ತಂದವು ಎರಡೂ ಗೂಡಿನ ಕತ್ತಲಲ್ಲಿ ಒಂದಕ್ಕೊಂದು ಅಂಟಿ ಕೂತವು. ಯಾರೂ ಇಲ್ಲದಾಗ ಬಂದು ಹುಲ್ಲು ತಿಂದು ಹೋಗುತ್ತಿದ್ದವು. ಬೇಟೆಗೆ ಸಿಕ್ಕುವ ಪ್ರಾಣಿಗಳ ಸ್ವಭಾವ ಅದು, ಮೇಲಿನಿಂದ ಬರುವ ಕೈ ಅವಕ್ಕೆ ಹದ್ದಿನ ಹಾಗೆ. ನೆಂಟರ ಮಕ್ಕಳು ನೋಡಲು ಬರುತ್ತೇವೆ ಅಂದಾಗ ಮಗಳೇ ಫೋನು ತೆಗೆದುಕೊಂಡು, “ಈಗಲೇ ಬೇಡ, ಅವಕ್ಕೆ ಇನ್ನೂ ಮನೆ ಗೊತ್ತಾಗಿಲ್ಲ” ಅಂದಳು. ರಜೆಯಲ್ಲಿ ಕೂತಂತೆಯೇ ಇಲ್ಲೂ ನೆಲದ ಮೇಲೆ ಕೂತು ಓದಿದಳು. ಕೆಲವು ವಾರಗಳಾದ ಮೇಲೆ ಚುಕ್ಕಿ ಅವಳ ಕೈಯಿಂದ ಕೊತ್ತಂಬರಿ ಕಡ್ಡಿ ಎಳೆದುಕೊಂಡು ಓಡಿತು. ಮಸಿಗೆ ಇನ್ನೂ ಬಹಳ ಕಾಲ ಬೇಕಾಯಿತು. ಅವು ನೆಮ್ಮದಿಯಾಗಿವೆ ಅಂತ ನನಗೆ ಖಾತ್ರಿಯಾದದ್ದು, ಇದ್ದಕ್ಕಿದ್ದಂತೆ ನಿಂತಲ್ಲೇ ಚಂಗನೆ ಹಾರಿ, ಗಾಳಿಯಲ್ಲೇ ಮೈ ತಿರುಚಿ ಇಳಿಯುವುದನ್ನು ಕಂಡಾಗ. ಹೆಚ್ಚಾಗಿ ಖುಷಿಯಾದಾಗ ಹಾಗೆ ಮಾಡುತ್ತವೆ. ಪಂಜರದ ಬಗ್ಗೆ ನನ್ನೊಳಗಿದ್ದ ಸಂಕಟ ಪೂರ್ತಿ ಹೋಗಿಲ್ಲ. ಆದರೆ ಆ ಜಿಗಿತ ನೋಡಿದಾಗಲೆಲ್ಲ ಸ್ವಲ್ಪ ಹಗುರವಾಗುತ್ತದೆ. ಸಂಜೆ ಹೊತ್ತು ಬಾಗಿಲು ತೆರೆದು ಹಾಲ್‌ನಲ್ಲಿ ಬಿಡುತ್ತೇವೆ. ವೈರುಗಳನ್ನೆಲ್ಲ ಮೇಲಕ್ಕೆ ಕಟ್ಟಿದ್ದೇವೆ, ಕಂಡದ್ದನ್ನೆಲ್ಲ ಕಡಿಯುವ ಹಲ್ಲು ಅವುಗಳದು.

ಊಟದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹಾಗೆಯೇ ಗಿನಿ ಪಿಗ್‌ಗಳಿಗೂ ವಿಟಮಿನ್ ಸಿ ಅನ್ನು ದೇಹದೊಳಗೆ ತಯಾರಿಸಿಕೊಳ್ಳಲು ಬರುವುದಿಲ್ಲ. ದಿನಾ 10ರಿಂದ 30 ಮಿಲಿಗ್ರಾಂ ಹೊರಗಿನಿಂದ ಸಿಗಬೇಕು, ಸಿಗದಿದ್ದರೆ ಕೀಲು ಬಾತು, ಕೂದಲು ಒರಟಾಗಿ, ನಡೆಯಲಾರದೆ ಕೂರುತ್ತವೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ಇಬ್ಬರು ವಿಜ್ಞಾನಿಗಳು ಬರೀ ಕಾಳಿನ ಊಟ ಕೊಟ್ಟ ಗಿನಿ ಪಿಗ್‌ಗಳಲ್ಲಿ ಸ್ಕರ್ವಿ ಕಾಯಿಲೆ ಬರುವುದನ್ನು ಕಂಡರು. ನಾವಿಕರನ್ನು ಶತಮಾನಗಳಿಂದ ಕೊಲ್ಲುತ್ತಿದ್ದ ಅದೇ ಕಾಯಿಲೆ. ವಿಟಮಿನ್ ಸಿಯನ್ನು ಪತ್ತೆಹಚ್ಚುವ ದಾರಿಯಲ್ಲಿ ಅದು ದೊಡ್ಡ ಹೆಜ್ಜೆಯಾಯಿತು. ಇದನ್ನು ಓದಿದ ಮೇಲೆ ಮಗಳು ದಿನಾ ಬೆಳಿಗ್ಗೆ ದೊಣ್ಣೆ ಮೆಣಸಿನಕಾಯಿಯ ಎರಡು ಹೋಳು ಇಡುವುದನ್ನು ಮಾತ್ರ ಯಾವತ್ತೂ ಮರೆತಿಲ್ಲ, ಅದರಲ್ಲಿ ವಿಟಮಿನ್ ಸಿ ಧಾರಾಳ. ನೀರಿಗೆ ಬೆರೆಸುವ ವಿಟಮಿನ್ ಹನಿಗಳು ಬೆಳಕಿಗೆ ಬೇಗ ಸತ್ವ ಕಳೆದುಕೊಳ್ಳುತ್ತವೆ, ಅವನ್ನು ನಂಬಿಕೊಳ್ಳುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಕೊಡಲೇಬಾರದು. ಓಡುವ ಚಕ್ರವೂ ಬೇಡ, ಅವುಗಳ ಬೆನ್ನಿಗೆ ಅದು ಆಗಿಬರುವುದಿಲ್ಲ.

ಕೈ ತೊಳೆಯುವ ನಿಯಮವನ್ನು ನಾನು ಬಿಟ್ಟುಕೊಟ್ಟಿಲ್ಲ. ಮುಟ್ಟುವ ಮೊದಲು, ಮುಟ್ಟಿದ ಮೇಲೆ. ಗಿನಿ ಪಿಗ್‌ಗಳಿಂದ ಮಕ್ಕಳಿಗೆ ಹುಳುಕಡ್ಡಿ ಹತ್ತುವುದು ಇದ್ದದ್ದೇ.

ವರ್ಷ ಕಳೆಯುವ ಹೊತ್ತಿಗೆ ಮಗಳ ಉತ್ಸಾಹ ಇಳಿಯಿತು. ಇದು ಬರುತ್ತದೆ ಅಂತ ನಮಗೆ ಗೊತ್ತಿತ್ತು. ಪರೀಕ್ಷೆ ಬಂದಾಗ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು, ಬಟ್ಟೆ ಒಗೆಯುವುದು ಇವರ ಪಾಲಿಗೆ. ಯಾರೂ ಯಾರನ್ನೂ ಚುಚ್ಚಲಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಅವುಗಳ ಪಕ್ಕ ಕೂರುವುದು ನನಗೇ ಅಭ್ಯಾಸವಾಗಿದೆ. ಮಗಳು ಬಿಡದೆ ಉಳಿಸಿಕೊಂಡಿದ್ದು ಭಾನುವಾರದ ತೂಕ. ಅಡುಗೆಮನೆಯ ತಕ್ಕಡಿಯೊಂದನ್ನು ಅವಕ್ಕೆಂದೇ ಬಿಟ್ಟುಕೊಟ್ಟಿದ್ದೇನೆ. ಅದರ ಮೇಲೆ ಬೋಗುಣಿ ಇಟ್ಟು, ಒಂದೊಂದನ್ನೇ ಕೂರಿಸಿ, ಅದೇ ಹಳೆಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಾಳೆ. ಇವು ನೋವನ್ನು ಹೊರಗೆ ತೋರಿಸುವ ಪ್ರಾಣಿಗಳಲ್ಲ. ಕಣ್ಣಿಗೆ ಕಾಣುವ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತದೆ, ತೂಕವೇ ಮೊದಲು ಸುಳಿವು ಕೊಡುವುದು.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಅವಳು ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. “ಅಮ್ಮ, ಮಸಿ ಎರಡು ವಾರದಲ್ಲಿ 80 ಗ್ರಾಂ ಇಳಿದಿದ್ದಾಳೆ. ಹುಲ್ಲು ಬಾಯಿಗೆ ತಗೊಂಡು ಬೀಳಿಸ್ತಾಳೆ.” ನಾನು ಹೋಗಿ ನೋಡಿದರೆ ಮಸಿ ಓಡಾಡಿಕೊಂಡೇ ಇತ್ತು, ನನಗೇನೂ ಗೊತ್ತಾಗಲಿಲ್ಲ. ಅವಳ ಲೆಕ್ಕವನ್ನೇ ನಂಬಿ ಮರುದಿನ ಬೆಳಿಗ್ಗೆ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಗಿನಿ ಪಿಗ್‌ಗಳ 20 ಹಲ್ಲುಗಳೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದು ಸವೆಯಬೇಕು. ಮಸಿಯ ಕೆಳದವಡೆಯ ಹಲ್ಲುಗಳು ಒಳಕ್ಕೆ ಬಾಗಿ ಬೆಳೆದು ನಾಲಿಗೆಯನ್ನು ಅಮುಕಲು ಶುರುಮಾಡಿದ್ದವು. ಬೇಗ ಬಂದಿದ್ದೀರಿ ಅಂದರು ವೈದ್ಯೆ. ಅರಿವಳಿಕೆ ಕೊಟ್ಟು ಹಲ್ಲು ತೇಯ್ದರು. ಮನೆಗೆ ತಂದಮೇಲೆ ಕೆಲವು ದಿನ ಹುಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಯ ಪಕ್ಕದಿಂದ ಕೊಡಬೇಕಾಯಿತು. ಹಗಲು ಮಗಳು, ರಾತ್ರಿ ನಾನು ಮತ್ತು ಇವರು ಸರದಿಯ ಮೇಲೆ. ಚುಕ್ಕಿಯನ್ನು ಪಕ್ಕದಲ್ಲೇ ಬಿಟ್ಟಿದ್ದೆವು. ಜೊತೆಗಾತಿ ಹತ್ತಿರವಿದ್ದರೆ ತಿನ್ನಲು ಬೇಗ ಮನಸ್ಸು ಮಾಡುತ್ತವೆ ಅಂತ ವೈದ್ಯೆ ಹೇಳಿದ್ದರು.

ಮಸಿ ಈಗ ಹಳೆಯ ತೂಕಕ್ಕೆ ಬಂದಿದೆ. ಈ ಹಲ್ಲಿನ ತೊಂದರೆ ಮತ್ತೆ ಬರಬಹುದಾದ್ದರಿಂದ ವಾರಕ್ಕೆ ಎರಡು ಸಲ ತೂಗಲು ಹೇಳಿದ್ದಾರೆ. ಭಾನುವಾರದ್ದು ಮಗಳದ್ದು, ಬುಧವಾರದ್ದು ನನ್ನದು. ಮೊನ್ನೆ ಬುಧವಾರ ನಾನು ಬರೆದ ಅಂಕಿಯ ಕೆಳಗೆ ಅವಳು, ‘ತಿನ್ನುವ ಮೊದಲು ತೂಗಬೇಕು ಅಮ್ಮ, ತಿಂದ ಮೇಲೆ ಅಲ್ಲ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಇನ್ನು ಮುಂದೆ ಬೆಳಿಗ್ಗೆ ಎದ್ದ ಕೂಡಲೇ ತೂಗುತ್ತೇನೆ.